ರಟ್ಟೆ ನೋವೂ ಲೆಕ್ಕಕ್ಕೆ ಬರಲಿ

ಮಂಗನ ಕಾಯಿಲೆಯ ಇಂಜೆಕ್ಷನ್ ಹಾಕಿಸಿಕೊಂಡ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರನ್ನು ಮಾತಾಡಿಸಿ ನೋಡಿ, ರಟ್ಟೆ ನೋವಿನ ಸುದ್ದಿ ಬಾರದೇ ಇರುವುದಿಲ್ಲ. ಚುಚ್ಚಿದ ಕಡೆ ಉರಿ, ಆಮೇಲೆ ಬಾವು, ಬಿಗಿತ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ ತೆಗೆಯುವವನ ಕೈ ಮೇಲೆ ಏಳದಿದ್ದರೆ ಅವತ್ತಿನ ಸಂಬಳ ಹೋದಂತೆಯೇ. ‘ಸ್ವಲ್ಪ ನೋವಿರುತ್ತೆ, ಅಷ್ಟೆ’ ಎಂದು ಹೇಳಿ ಕಳಿಸುವವರಿಗೆ ಈ ಲೆಕ್ಕ ಗೊತ್ತಾಗುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಗೆ ಕೊಡುತ್ತಿದ್ದ ಲಸಿಕೆ, ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಸಾಯಿಸಿ ಮಾಡಿದ್ದು. ಒಂದು ಸಲ ಹಾಕಿಸಿಕೊಂಡರೆ ಮುಗಿಯುತ್ತಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಮುಂದೆಯೂ ವರ್ಷಕ್ಕೊಂದು. ಮೊದಲ ನೋವು ಉಂಡವರು ಎರಡನೆಯದಕ್ಕೆ ಬೆನ್ನು ತಿರುಗಿಸಿದರೆ ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಆದರೆ ನಷ್ಟ ದೊಡ್ಡದು. 2005ರಿಂದ 2010ರವರೆಗಿನ ಅಂಕಿಅಂಶ ಆಧರಿಸಿದ ಅಧ್ಯಯನದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ 62ರಷ್ಟು; ಬೂಸ್ಟರ್ ಸೇರಿದರೆ ಶೇ 83ರಷ್ಟು. ಜನ ತಪ್ಪಿಸಿಕೊಂಡದ್ದು ಆ ಹೆಚ್ಚಿನ ರಕ್ಷಣೆಯನ್ನೇ. ಸಾಗರ ತಾಲ್ಲೂಕಿನ ಅರಳಗೋಡು 2018-19ರಲ್ಲಿ ಈ ಕಾಯಿಲೆಯಿಂದ ಅನುಭವಿಸಿದ್ದನ್ನು ಮಲೆನಾಡು ಮರೆತಿಲ್ಲ. ಕೊನೆಗೆ ಲಸಿಕೆಯ ಸತ್ವವೇ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು.

ಯಾವುದೇ ಲಸಿಕೆಯ ಇಂಜೆಕ್ಷನ್ನಿನ ನೋವು ಎರಡು-ಮೂರು ದಿನ ಇರುವುದು ಸಹಜ. ಮೈ ಲಸಿಕೆಯನ್ನು ಗುರುತಿಸಿ ಎದುರಿಸುವಾಗ ಅಲ್ಲಿ ಉರಿಯೂತ ಆಗುತ್ತದೆ. ತಣ್ಣೀರ ಬಟ್ಟೆ ಇಡಿ, ಬೇಕಾದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ನೋಯುತ್ತದೆಂದು ಕೈಯನ್ನು ಎದೆಗೆ ಒತ್ತಿಕೊಂಡು ಕೂರುವುದೂ ತಪ್ಪು, ಮೆಲ್ಲಗೆ ಆಡಿಸುತ್ತಿರಬೇಕು.

ವಾರ ಕಳೆದರೂ ಜುಟ್ಟು ಕಟ್ಟಲು, ಅಂಗಿ ತೋಳಿಗೆ ಕೈ ತೂರಿಸಲು ಆಗದಿದ್ದರೆ ಅದು ಬೇರೆ ಸಂಗತಿ. ಸೂಜಿ ಚುಚ್ಚಬೇಕಾದದ್ದು ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ, ರಟ್ಟೆಯ ದಪ್ಪ ಸ್ನಾಯುವಿಗೆ. ತೀರಾ ಮೇಲೆ ಚುಚ್ಚಿದರೆ ಔಷಧಿ ಕೀಲಿನ ಬಳಿಯ ದ್ರವದ ಚೀಲಕ್ಕೆ ಇಳಿದು ತಿಂಗಳುಗಟ್ಟಲೆ ಕಾಡಬಹುದು. ಇದು ಸಾಮಾನ್ಯವಾಗಿ ಎರಡು ದಿನದೊಳಗೇ ಶುರುವಾಗುತ್ತದೆ. ಅಪರೂಪವೇ, ಆದರೆ ಸುಳ್ಳಲ್ಲ. ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ಅಪಾಯ ಜಾಸ್ತಿ. ಮೂಳೆ ವೈದ್ಯರಿಗೆ ತೋರಿಸಿ ಫಿಸಿಯೋಥೆರಪಿ ಮಾಡಿಸಬೇಕು. ಬೆರಳು ಜೋಮು ಹಿಡಿದರೆ, ಮಣಿಕಟ್ಟು ಜೋತರೆ, ಚುಚ್ಚಿದ ಜಾಗ ಕೆಂಪಾಗಿ ಕೀವಾದರೆ ವಾರ ಕಾಯುವ ಮಾತೇ ಇಲ್ಲ.

ಕತ್ತಿ ತಾಗಿದಾಗಲೆಲ್ಲ ಧನುರ್ವಾಯುವಿನ ಟಿಟಿ ಹಾಕಿಸಿಕೊಳ್ಳುವ ಅಭ್ಯಾಸವೂ ನಮ್ಮಲ್ಲಿದೆ. ಮೊದಲಿನ ಡೋಸುಗಳು ಪೂರ್ತಿಯಾದವರಿಗೆ ಸಣ್ಣ, ಶುಭ್ರ ಗಾಯಕ್ಕೆ ಹತ್ತು ವರ್ಷದೊಳಗೆ, ಮಣ್ಣು-ಸಗಣಿ ತಾಗಿದ ಗಾಯಕ್ಕೆ ಐದು ವರ್ಷದೊಳಗೆ ಮತ್ತೆ ಅದು ಬೇಕಾಗುವುದಿಲ್ಲ. ಪದೇ ಪದೇ ಹಾಕಿಸಿಕೊಂಡರೆ ತೋಳು ಬಾತುಕೊಳ್ಳುವುದು ಹೆಚ್ಚುತ್ತದೆ. ಹಿಂದಿನ ಚೀಟಿ ಇಟ್ಟುಕೊಳ್ಳುವ ಪದ್ಧತಿ ಇದ್ದಿದ್ದರೆ ಎಷ್ಟೋ ಸೂಜಿ ತಪ್ಪುತ್ತಿತ್ತು.

ಇನ್ನೊಂದು ಎಚ್ಚರ ಈ ಸೀಮೆಗೇ ಸೇರಿದ್ದು. ಡಿಸೆಂಬರಿನಿಂದ ಮೇ ತನಕ ದರಕು ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಇಂಜೆಕ್ಷನ್ನಿನ ಜ್ವರ ಎಂದು ಸುಮ್ಮನಿರಬೇಡಿ. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚಿರಬಹುದು. ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ.

ಹೊಸ ಲಸಿಕೆಯ ಕೆಲಸ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಯಲ್ಲಿ ನಡೆದಿದೆ. ಅದು ಊರಿಗೆ ಬಂದಾಗ ಎಷ್ಟು ದಿನ ನೋಯುತ್ತದೆ, ಯಾವಾಗ ಮರಳಿ ಬರಬೇಕು ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ದಿನ ಗೊತ್ತುಮಾಡುವಾಗ ಕೊಯ್ಲಿನ ಕಾಲವನ್ನೂ ನೋಡಬೇಕು. ಆರೋಗ್ಯ ಇಲಾಖೆ ಇಷ್ಟು ಮಾಡಿದರೆ ಜನ ಎರಡನೇ ಸಲವೂ ರಟ್ಟೆ ಕೊಟ್ಟಾರು.