ಹೇರು ಇಳಿಸಿದಲ್ಲಿ ಊರು

ಕಳೆದ ವಾರ ಕಾರ್ಯನಿಮಿತ್ತವಾಗಿ ಬಸರೂರಿಗೆ ಹೋಗಿದ್ದೆ. ಕುಂದಾಪುರದಿಂದ ಕೆಲವೇ ಮೈಲಿ ಒಳಗೆ, ವಾರಾಹಿಯ ದಂಡೆಯಲ್ಲಿರುವ ಈ ಊರಿನ ಒಂದು ಕೇರಿಗೆ ಇಂದಿಗೂ ಮಂಡಿಕೇರಿ ಎಂದೇ ಹೆಸರು. ಬ್ರಹ್ಮಾವರದ ಬಳಿಯ ಬಾರಕೂರಿನಲ್ಲಿಯೂ ಹಾಗೆಯೇ. ಮಣಿಗಾರಕೇರಿ, ಚೌಳಿಕೇರಿ ಎಂದು ಹೇಳುತ್ತ ಹೋದರೆ ಅಳಿದ ಪಟ್ಟಣವೊಂದು ಕಣ್ಣೆದುರು ನಿಂತಂತಾಗುತ್ತದೆ. ಹೊಳೆಯ ದಡದ ಈ ಊರುಗಳನ್ನು ದೂರದೇಶದವರು ಹುಡುಕಿಕೊಂಡು ಬಂದುದೇಕೆ?

ಉತ್ತರವಿರುವುದು ಘಟ್ಟದ ದಾರಿಯಲ್ಲಿ. ಬಿದನೂರು ಸೀಮೆಯ ಮೆಣಸು, ಅಡಕೆಗಳು ಹೇರಿನ ಎತ್ತುಗಳ ಬೆನ್ನಮೇಲೆ ಹೊಸಂಗಡಿಯ ಕಡೆಯಿಂದಲೂ, ಕೊಲ್ಲೂರಿನ ಮೇಲೆ ಬೈಂದೂರಿನತ್ತಲೂ ಇಳಿಯುತ್ತಿದ್ದವು. ಉಪ್ಪು, ತೆಂಗು, ಒಣಮೀನು ಮೇಲೇರುತ್ತಿದ್ದವು. ಎತ್ತು ಕಡಲಿಗಿಳಿಯದು, ಹಡಗು ಘಟ್ಟವೇರದು. ಇವೆರಡೂ ಸಂಧಿಸುವಲ್ಲಿ ಹೇರನ್ನು ಇಳಿಸಲೇಬೇಕು, ಅಳೆಯಲೇಬೇಕು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ತಿಂಗಳುಗಟ್ಟಲೆ ಕಾಯಲೇಬೇಕು. ಕಾಯುವವನಿಗೆ ಬಿಡಾರ ಬೇಕು, ದೇವಾಲಯ ಬೇಕು, ಸಾಲ ಕೊಡುವ ಸೆಟ್ಟಿ ಬೇಕು, ಪರಭಾಷೆ ಬಲ್ಲ ದುಭಾಷಿ ಬೇಕು. ಹೀಗೆ ಊರು ಬೆಳೆಯಿತು. ಹೊರ್ಮುಜ್, ಏಡನ್‌ಗಳ ಹಡಗುಗಳು ಬಸರೂರು, ಬಾರಕೂರುಗಳ ಅಕ್ಕಿಯನ್ನು ತುಂಬಿಕೊಳ್ಳುತ್ತಿದ್ದುದನ್ನು 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ಬಾರ್ಬೋಸನು ಬರೆದಿಟ್ಟಿದ್ದಾನೆ. 1569ರಲ್ಲಿ ಪೋರ್ಚುಗೀಸರು ಬಸರೂರನ್ನು ಹಿಡಿದರು. 1665ರಲ್ಲಿ ಶಿವಾಜಿಯು ಕಡಲ ಮಾರ್ಗವಾಗಿ ಬಂದು ಸೂರೆಗೈದನು. ಸಂಪತ್ತಿಲ್ಲದ ಊರಿಗೆ ಯಾರು ತಾನೆ ಅಷ್ಟು ಶ್ರಮಪಟ್ಟು ಬಂದಾರು?

ಇನ್ನು ಇಂದಿನ ವಿಚಾರ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಅಂದಿನಿಂದ ಸಾಗಣೆಯ ಧರ್ಮವೇ ಬದಲಾಯಿತು. ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಪೆಟ್ಟಿಗೆ ಏರುತ್ತದೆ. ನಡುವೆ ಎಲ್ಲಿಯೂ ಬಿಚ್ಚಬೇಕಾಗಿಲ್ಲ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡವಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಉದ್ದ 400 ಮೀಟರು. ಅಂಥದೊಂದು ಹಡಗು 20,000 ಪೆಟ್ಟಿಗೆಗಳನ್ನು ಹೊರಬಲ್ಲುದು. ಅದು ಆರು ದಿನ ನಿಂತುದಕ್ಕೆ ಲೋಕವೇ ತಲ್ಲಣಿಸಿತು. ಹಿಂದೆ ನಿಲ್ಲುವುದು ವ್ಯಾಪಾರದ ಅಂಗವಾಗಿತ್ತು. ಈಗ ಅದೊಂದು ವಿಪತ್ತು.

ನಮ್ಮ ಬಂಧುಗಳ ಹುಡುಗನೊಬ್ಬ ಇಂಥ ಹಡಗಿನಲ್ಲಿ ದುಡಿಯುತ್ತಾನೆ. ರಜೆಗೆ ಬಂದಾಗ, ಸಿಂಗಪುರ ಹೇಗಿದೆಯಪ್ಪ ಎಂದು ಕೇಳಿದೆ.

“ಕ್ರೇನ್ ಕಂಡೆ ಮಾವ, ಊರ್ ಕಾಂಬುಕ್ ಆಯ್ಲ” ಎಂದ.

ಹಳೆಯದೆಲ್ಲವನ್ನೂ ಹೊಗಳುವ ಚಪಲ ನನಗಿಲ್ಲ. ಘಟ್ಟದ ದಾರಿ ಎತ್ತಿಗೂ ಸುಖದ್ದಲ್ಲ, ಆಳಿಗೂ ಸುಖದ್ದಲ್ಲ. ದೂರದೇಶದ ಸರಕು ಉಳ್ಳವರಿಗೆ ಮಾತ್ರ ದಕ್ಕುತ್ತಿತ್ತು. ಇಂದು ಸಾಮಾನ್ಯನ ಮನೆಗೂ ಅದು ಬಂದಿದೆ. ಈ ಲಾಭ ಸಣ್ಣದಲ್ಲ. ಆದರೆ ಪರದೇಶದ ಸರಕು ಮನೆಬಾಗಿಲಿಗೆ ಬರುತ್ತದೆ, ಪರದೇಶದ ಮನುಷ್ಯ ಬರುವುದಿಲ್ಲ. ಸರಕಿನೊಡನೆ ಬರುತ್ತಿದ್ದ ಮಾತು, ಕಥೆ, ಸ್ನೇಹ, ಜಗಳಗಳೆಲ್ಲ ಪೆಟ್ಟಿಗೆಯ ಹೊರಗೇ ಉಳಿದುವು.

ನಮ್ಮ ಶಾಲೆಯ ಮಕ್ಕಳನ್ನು ಒಂದು ದಿನ ಈ ಕೇರಿಗಳಲ್ಲಿ ನಡೆಸಿಕೊಂಡು ಹೋಗಬೇಕು. ನಮ್ಮ ಹಿರಿಯರು ಲೋಕವನ್ನು ಕಂಡುದು ಊರು ಬಿಟ್ಟು ಹೋಗಿ ಮಾತ್ರವಲ್ಲ, ಊರಿಗೆ ಬಂದವರನ್ನು ಇರಗೊಟ್ಟು ಕೂಡ ಎಂಬುದನ್ನು ಅಲ್ಲಿ ನಿಂತು ಹೇಳಿದರೆ ಅವರಿಗೆ ತಿಳಿದೀತು.