ಎರೆಯೋ ಮಸಾರಿಯೋ: ತೀರ್ಮಾನ ನೀರಿನದು

ವಿಜಯಪುರದ ಎರೆಮಣ್ಣು ಬಸಾಲ್ಟ್ ಬಂಡೆಯಿಂದ ಬಂದದ್ದು, ಕೋಲಾರದ ಕೆಂಪುಮಣ್ಣು ನೈಸ್ ಶಿಲೆಯಿಂದ ಬಂದದ್ದು ಎಂಬ ಶಾಲಾಪಾಠ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನಕ್ಷೆಯೂ ಅದಕ್ಕೆ ಒತ್ತಾಸೆಯಾಗುತ್ತದೆ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಉಕ್ಕಿ ಹರಿದ ದಖ್ಖನ್ನಿನಲ್ಲಿ ಎರೆ ಹೆಚ್ಚು, ಅದಕ್ಕಿಂತ ಎಷ್ಟೋ ಹಳೆಯದಾದ ದಕ್ಷಿಣದ ನೈಸ್ ಮೇಲೆ ಮಸಾರಿ ಎಂಬ ಕೆಂಪುಮಣ್ಣು ಹೆಚ್ಚು. ಆದರೆ ಮಹಾಬಳೇಶ್ವರದ ಅಡಿಯಲ್ಲಿರುವುದೂ ಅದೇ ಬಸಾಲ್ಟ್. ಅದರ ನೆತ್ತಿಯ ಮೇಲಿರುವುದು ಮಾತ್ರ ಕೆಂಪು ಜಂಬಿಟ್ಟಿಗೆ. ಬಳ್ಳಾರಿ ಸೀಮೆಯಲ್ಲಿ ಆ ಲಾವಾದ ಹಾಸೇ ಇಲ್ಲ, ಆದರೂ ನೈಸ್ ಮೇಲೆ ಅಪ್ಪಟ ಎರೆ ಹರಡಿಕೊಂಡಿದೆ. ಹಾಗಾದರೆ ಬಂಡೆಯೊಂದನ್ನೇ ನಂಬಿ ಮಣ್ಣಿನ ಜಾತಕ ಬರೆಯಲಾಗದು. ನೀರು ಏನನ್ನು ಕೊಚ್ಚಿಕೊಂಡು ಹೋಯಿತು, ಏನನ್ನು ಬಿಟ್ಟುಹೋಯಿತು ಎಂಬುದನ್ನೂ ನೋಡಬೇಕು. ನನ್ನ ಲೆಕ್ಕದಲ್ಲಿ ಅದನ್ನೇ ಮೊದಲು ನೋಡಬೇಕು.

ಮಳೆಹನಿ ನೆಲಕ್ಕಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳು ಆಮ್ಲವಾಗುತ್ತದೆ. ಬೇರು, ಸೂಕ್ಷ್ಮಜೀವಿಗಳ ಉಸಿರು ಅದನ್ನು ಇನ್ನಷ್ಟು ಹುಳಿಯಾಗಿಸುತ್ತದೆ. ಈ ನೀರು ಬಂಡೆಯ ಖನಿಜಗಳಿಂದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸುತ್ತದೆ, ಸಿಲಿಕಾವನ್ನೂ ನಿಧಾನವಾಗಿ ಕರಗಿಸುತ್ತದೆ. ಮಳೆ ಕಡಿಮೆಯಿದ್ದು ನೀರು ಬಸಿದುಹೋಗದಿದ್ದರೆ ಇವೆಲ್ಲ ಅಲ್ಲೇ ಉಳಿದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹುಟ್ಟುತ್ತದೆ. ಅದರ ಪದರಗಳ ನಡುವೆ ನೀರು ನುಗ್ಗಬಲ್ಲದು. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುವುದು ಇದರಿಂದಲೇ. ಮಳೆ ಜೋರಾಗಿ, ಬಸಿತವೂ ಚೆನ್ನಾಗಿದ್ದರೆ ಆ ಸರಕೆಲ್ಲ ತೊಳೆದುಹೋಗಿ ಕೇಯೊಲಿನೈಟ್ ಉಳಿಯುತ್ತದೆ. ಇದರ ಪದರಗಳು ಬಿಗಿಯಾದ್ದರಿಂದ ನೀರಿಗೆ ಒಳಗೆ ಜಾಗವಿಲ್ಲ. ತೊಳೆತ ಇನ್ನೂ ಮುಂದುವರಿದರೆ ಕೊನೆಗೆ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳೇ ಹೆಚ್ಚಾಗಿ ಉಳಿದು ಜಂಬಿಟ್ಟಿಗೆಯಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಒಂದೇ ಇಳಿಜಾರಿನಲ್ಲಿ ಸಿಗುತ್ತದೆ. ಒಣ ಬಯಲುಸೀಮೆಯಲ್ಲಿ ಅದೇ ನೈಸ್, ಅದೇ ಮಳೆ ಇದ್ದರೂ ದಿಬ್ಬದ ಮೇಲೆ ಮಸಾರಿ, ತಗ್ಗಿನಲ್ಲಿ ಎರೆ ಇರುವ ಜಾಗಗಳಿವೆ. ಮೇಲಿನಿಂದ ತೊಳೆದುಬಂದ ಕ್ಯಾಲ್ಸಿಯಂ, ಸಿಲಿಕಾ ಕೆಳಗೆ ತಂಗಿ ಸ್ಮೆಕ್ಟೈಟ್ ಕಟ್ಟುತ್ತವೆ. ಮಣ್ಣಿನೊಳಗಿನ ಸುಣ್ಣದ ಹರಳುಗಳು ಆ ನೀರು ಅಲ್ಲೇ ಆರಿದ್ದಕ್ಕೆ ಗುರುತು. ಬಣ್ಣವೂ ಮೋಸ ಮಾಡುತ್ತದೆ. ಕಪ್ಪು ಎಂದರೆ ಗೊಬ್ಬರದಂಶ ಹೆಚ್ಚು ಎಂದುಕೊಳ್ಳುವವರುಂಟು, ಆದರೆ ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಇರುವ ಅಲ್ಪವೇ ಜೇಡಿಗೆ ಅಂಟಿಕೊಂಡು ಕಪ್ಪು ಕೊಡುತ್ತದೆ.

ಕೋಲಾರದಲ್ಲಿ ಮಳೆ ವಿಜಯಪುರಕ್ಕಿಂತ ಭಾರಿ ಹೆಚ್ಚೇನೂ ಅಲ್ಲವಲ್ಲ, ಅಲ್ಲೇಕೆ ಕೆಂಪು ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಉತ್ತರದ ಅರ್ಧ ಬಂಡೆಯಲ್ಲಿದೆ: ನೈಸ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ, ಅದರ ಬಿಳಿಕಲ್ಲಿನ ಮರಳಿನಲ್ಲಿ ನೀರು ಸಲೀಸಾಗಿ ಇಳಿದುಹೋಗುತ್ತದೆ. ಇನ್ನರ್ಧ ಕಾಲದಲ್ಲಿದೆ: ದಕ್ಷಿಣದ ಕೆಂಪುಮಣ್ಣುಗಳಲ್ಲಿ ಅನೇಕವು ಇಂದಿಗಿಂತ ತೇವವಾಗಿದ್ದ ಹಿಂದಿನ ಹವೆಯಲ್ಲಿ ರೂಪುಗೊಂಡಂಥವು, ಹಾಗಾಗಿ ಇಂದಿನ ಮಳೆಯ ಲೆಕ್ಕ ಅವಕ್ಕೆ ಸಾಲದು. ಬಂಡೆಗೆ ಪಾಲೇ ಇಲ್ಲವೆಂದು ಯಾರೂ ಹೇಳುತ್ತಿಲ್ಲ. ರಷ್ಯದ ಕಪ್ಪುಮಣ್ಣನ್ನು ಕುರಿತು 1883ರಲ್ಲಿ ಬರೆದ ದೊಕುಚಾಯೆವ್, 1941ರಲ್ಲಿ ಮಣ್ಣು ರೂಪುಗೊಳ್ಳುವ ಬಗೆಯನ್ನು ಸೂತ್ರಕ್ಕಿಳಿಸಿದ ಹಾನ್ಸ್ ಯೆನ್ನಿ, ಇಬ್ಬರೂ ಬಂಡೆಯನ್ನು ಹವಾಗುಣ, ಜೀವಿಗಳು, ನೆಲದ ಏರಿಳಿತ, ಕಾಲ ಇವುಗಳ ಜತೆಗೇ ಇಟ್ಟರು.

ಇಷ್ಟಕ್ಕೆ ಮಣ್ಣುವಿಜ್ಞಾನಿಗಳ ವರ್ಟಿಸಾಲ್, ಆಲ್ಫಿಸಾಲ್ ಎಂಬ ಬಾಯಿ ತಿರುಗದ ಹೆಸರುಗಳೇಕೆ, ರೈತರ ಎರೆ, ಮಸಾರಿ ಸಾಲದೇ? ಉಳುಮೆಗೆ ಬೇಕಾದ್ದನ್ನೆಲ್ಲ ರೈತರ ಹೆಸರುಗಳು ಹೇಳುತ್ತವೆ. ಆದರೆ ವರ್ಟಿಸಾಲ್‌ನಂಥ ಹೆಸರುಗಳು ಬಂದ ಅಮೆರಿಕದ ಮಣ್ಣು ವರ್ಗೀಕರಣ ಪದ್ಧತಿಯ 12 ಗಣಗಳನ್ನು ಗೊತ್ತುಮಾಡಲು ಮೇಲ್ಮೈ ನೋಡಿದರೆ ಸಾಲದು, ಗುಂಡಿ ತೋಡಿ ಪದರಗಳನ್ನು ಓದಬೇಕು. ವರ್ಟಿಸಾಲ್ ಎನ್ನಿಸಿಕೊಳ್ಳಲು ಕನಿಷ್ಠ ಶೇ. 30 ಜೇಡಿ, ಕಾಲಕಾಲಕ್ಕೆ ಬಿಡುವ ಬಿರುಕು ಬೇಕು. ಉಬ್ಬಿದ ಮಣ್ಣಿನ ಹೆಂಟೆಗಳು ಒಂದಕ್ಕೊಂದು ಉಜ್ಜಿ ನುಣುಪಾಗಿ ಹೊಳೆಯುವ ಓರೆ ಮೈಗಳೂ ಗುಂಡಿಯ ಗೋಡೆಯಲ್ಲಿ ಕಾಣಬೇಕು. ಕಪ್ಪಾಗಿದ್ದರೂ ಮೊಳದಾಳಕ್ಕೇ ಬಂಡೆ ತಗಲುವ ಮಣ್ಣು ಅದೇ ಊರಿನಲ್ಲಿದ್ದರೂ ಬೇರೆ ಗಣ ಸೇರುತ್ತದೆ. ಮೇಲಿನಿಂದ ಎರಡೂ ಎರೆಯೇ, ಆದರೆ ಮಳೆ ನಿಂತ ಮೇಲೆ ಒಳಗಿನ ಹಸಿಯಲ್ಲೇ ಹಿಂಗಾರಿ ಜೋಳವನ್ನು ತೆನೆಯವರೆಗೆ ಸಾಕುವುದು ಆಳದ ಎರೆ ಮಾತ್ರ.