ಇಂಜಿನ್ನಿನ ಎಣ್ಣೆಗೂ ಒಂದು ನಳ

ಕಾರಿನ ಆಯಿಲ್ ಬದಲಿ ಮಾಡೂದನ್ನ ನೀವು ನೋಡಿರಬೇಕು. ಒಬ್ಬಾಂವ ಗಾಡಿ ಕೆಳಗ ಮಲಗಿ ಒಂದು ಬೋಲ್ಟ್ ಬಿಚ್ಚತಾನ. ಕರ್ರಗಿನ ಎಣ್ಣಿ ಬುಳುಕ್ಕನೆ ಬಂದು ಅವನ ಮೊಣಕೈತನಕ ಇಳೀತದ. ಬೋಲ್ಟ್ ಜಾರಿ ಎಣ್ಣಿ ಬುಟ್ಟ್ಯಾಗ ಬೀಳತದ, ಆಮ್ಯಾಲೆ ಅದನ್ನ ಹುಡುಕೂದು! ಆ ಬೋಲ್ಟಿನ ಬದಲು ಅಲ್ಲಿ ಒಂದು ಸಣ್ಣ ನಳವನ್ನೇ ಕೂಡಿಸಬಹುದು. ಅದಕ್ಕೆ ಡ್ರೇನ್ ವಾಲ್ವ್ ಎನ್ನುತ್ತಾರೆ. ನಮ್ಮ ಕಾಕಾ ತಮ್ಮ ಹಳೆಯ ಮಾರುತಿ 800 ಕಾರಿಗೆ ಇದನ್ನು ಹಾಕಿಸಿದ್ದಾರೆ. ಅದರ ಬಗ್ಗೆ ನಾನು ಕೇಳಿ, ನೋಡಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ಇಂಜಿನ್ನಿನ ತಳದಲ್ಲಿ ಬೋಗುಣಿಯಂಥ ಒಂದು ಪಾತ್ರೆ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಸಂಪ್ ಎಂದು ಹೆಸರು, ಗ್ಯಾರೇಜಿನಾಗ ಚೇಂಬರ್ ಅಂತಾರ. ಮಾರುತಿ 800ರಲ್ಲಿ ಸುಮಾರು ಮೂರು ಲೀಟರ್ ಎಣ್ಣೆ ಹಿಡಿಯುತ್ತದೆ. ಪಂಪು ಇಲ್ಲಿಂದ ಎಣ್ಣೆಯನ್ನು ಎಳೆದು ಮೇಲಿನ ಭಾಗಗಳಿಗೆಲ್ಲ ಒತ್ತಿ ಕಳಿಸುತ್ತದೆ. ಕೆಲಸ ಮುಗಿದ ಎಣ್ಣೆ ತಾನಾಗಿಯೇ ಸೋರಿ ಮತ್ತೆ ಚೇಂಬರಿಗೆ ಬರುತ್ತದೆ. ಹಳೆಯ ಎಣ್ಣೆ ಹೊರಗೆ ಬಿಡಲು ಕೆಳಗೆ ಒಂದು ತೂತು, ಆ ತೂತಿಗೆ 14 ಮಿಲಿಮೀಟರಿನ ಒಂದು ಬೋಲ್ಟ್. ನಡುವೆ ಸೋರದಂತೆ ಒಂದು ವಾಶರ್. ಇಷ್ಟೇ.

ಇಷ್ಟರಾಗ ಕೆಡೂದೇನು? ಬೋಲ್ಟ್ ಅಲ್ಲ, ಚೇಂಬರಿನ ಥ್ರೆಡ್ ಕೆಡತಾವ. ಆಯಿಲ್ ಬದಲಿಸುವಾಗೆಲ್ಲ ಬಿಚ್ಚಿ ಬಿಗಿಯಬೇಕು. ಬಿಗಿಯುವವನು ಸೋರೀತು ಎಂಬ ಹೆದರಿಕೆಗೆ ಇನ್ನೊಂದು ಸುತ್ತು ಹೆಚ್ಚೇ ಬಿಗಿಯುತ್ತಾನೆ. ವಿಜ್ಞಾನದ ಪಾಠದಲ್ಲಿ ಬರುವ ಸನ್ನೆಗೋಲಿನ ಲೆಕ್ಕ ಇಲ್ಲಿ ಹಾಕಿ ನೋಡ್ರಿ. ಈ ಬೋಲ್ಟಿಗೆ ಬೇಕಾದದ್ದು ಸುಮಾರು 35 ನ್ಯೂಟನ್-ಮೀಟರ್ ಬಿಗಿ. ಅಂದರೆ ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ ಸುಮಾರು 12 ಕಿಲೋ ಭಾರ ಹಾಕಿದಷ್ಟು. ಅದೇ ಪಾನಾಕ್ಕೆ ಮೂರು ಅಡಿ ಪೈಪ್ ಸಿಗಿಸಿ 40 ಕಿಲೋ ಭಾರ ಹೇರಿದರೆ ಬಿಗಿ ಹತ್ತು ಪಟ್ಟು ಆಗುತ್ತದೆ. ಥ್ರೆಡ್ ಹರಿಯದೆ ಇನ್ನೇನಾದೀತು? ಈಗಿನ ಎಷ್ಟೋ ಕಾರುಗಳ ಚೇಂಬರ್ ಅಲ್ಯೂಮಿನಿಯಂದು, ಅದು ಉಕ್ಕಿಗಿಂತ ಮೆತ್ತಗ. ಹರಿದ ಮೇಲೆ ಲೇಥಿನವರ ಹತ್ತಿರ ಹೋಗಿ ದಪ್ಪ ಬೋಲ್ಟಿಗೆ ಹೊಸ ಥ್ರೆಡ್ ಹಾಕಿಸಬೇಕು, ಇಲ್ಲವೇ ಚೇಂಬರನ್ನೇ ಬದಲಿಸಬೇಕು.

ವಾಲ್ವ್ ಹಾಕಿದರೆ ಈ ಬಿಚ್ಚುವ-ಬಿಗಿಯುವ ಕೆಲಸ ತಪ್ಪುತ್ತದೆ. ಒಮ್ಮೆ ಕೂಡಿಸಿದರೆ ಅದು ಅಲ್ಲೇ ಇರುತ್ತದೆ. ಜಪಾನಿನ ಫ್ಯುಮೊಟೊ ಕಂಪನಿ ಮಾಡುವ ವಾಲ್ವ್ ಈ ಜಾತಿಯದು. ಹಿತ್ತಾಳೆಯ ಮೈ, ಒಳಗೆ ನಡುವೆ ತೂತಿರುವ ಒಂದು ಗುಂಡು. ಗುಂಡಿನ ತೂತು ಕೊಳವೆಗೆ ನೇರವಾದರೆ ಎಣ್ಣೆ ಹರಿಯುತ್ತದೆ, ಅಡ್ಡವಾದರೆ ನಿಲ್ಲುತ್ತದೆ. ತೆರೆಯಲು ಹಿಡಿಕೆಯನ್ನು ಕಾಲು ಸುತ್ತು ತಿರುವಿದರೆ ಸಾಕು. ಆದರೆ ಸುಮ್ಮನೆ ತಿರುಗೂದಿಲ್ಲ: ಹಿಡಿಕೆ ಸ್ಪ್ರಿಂಗಿನ ಒತ್ತಿನಲ್ಲಿ ಒಂದು ಕಚ್ಚಿನೊಳಗೆ ಕೂತಿರುತ್ತದೆ. ಕಚ್ಚಿನಿಂದ ಅದನ್ನು ಬಿಡಿಸಿಯೇ ತಿರುವಬೇಕು. ಗಾಡಿ ಕುಲುಕಾಡಿದರೆ ತೆರೆದುಕೊಳ್ಳಬಾರದಲ್ಲ, ಅದಕ್ಕೆ.

"ಇಂಜಿನ್ ಆಯಿಲ್ಲಿಗೆ ಭಾಳ ಪ್ರೆಶರ್ ಇರತದ, ಈ ಸಣ್ಣ ನಳ ಹಾರಿ ಹೋಗೂದಿಲ್ಲೇನ್ರಿ ಮೇಸ್ತ್ರಿ?" ಅಂತ ಕಾಕಾ ಕೇಳಿದರು. ನನಗೂ ಅದೇ ಅನುಮಾನ ಇತ್ತು. ಮೇಸ್ತ್ರಿ ನಕ್ಕು, "ಪ್ರೆಶರ್ ಪಂಪಿನಿಂದ ಮ್ಯಾಲೆ ಐತ್ರಿ. ಕೆಳಗ ಚೇಂಬರಿನ್ಯಾಗ ಎಣ್ಣಿ ಕೊಡದಾಗಿನ ನೀರಿನಂಗ ಸುಮ್ನ ನಿಂತಿರತದ" ಅಂದರು. ವಿಚಾರ ಮಾಡಿದರೆ ಸರಿಯೇ: ವಾಲ್ವ್ ತಡೆಯಬೇಕಾದದ್ದು ಮೂರು ಲೀಟರ್ ಎಣ್ಣೆಯ ಭಾರವನ್ನಷ್ಟೇ.

ಕೂಡಿಸುವಾಗ ಎಣ್ಣೆ ಬೆಚ್ಚಗಿರಬೇಕು, ಸುಡಬಾರದು. ಬೋಲ್ಟಿನ ಅಳತೆಯ ವಾಲ್ವನ್ನೇ ತರಬೇಕು. ಮಾರುತಿಯ ವಾಲ್ವ್ ಬೇರೆ ಕಂಪನಿಯ ಕಾರಿಗೆ ಕೂಡದೇ ಇರಬಹುದು. ತೂತಿನ ಸುತ್ತ ಒರೆಸಿ, ಹೊಸ ವಾಶರ್ ಹಾಕಿ, ಮೊದಲು ಬರಿ ಬೆರಳಿನಿಂದಲೇ ತಿರುವಬೇಕು. ಬೆರಳಿಗೆ ಸಲೀಸಾಗಿ ಒಳಗ ಹೋಗಲಿಲ್ಲ ಅಂದರ ಥ್ರೆಡ್ ಸೊಟ್ಟ ಹಿಡಿದದ ಅಂತ ತಿಳೀರಿ, ಪಾನಾ ಮುಟ್ಟಬ್ಯಾಡ್ರಿ. ಈಗಾಗಲೇ ಹರಿದ ಥ್ರೆಡ್ಡಿಗೆ ವಾಲ್ವ್ ಔಷಧವಲ್ಲ. ಇನ್ನೊಂದು ಮಾತು, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಗ್ಯಾರೇಜಿನ ಗುಂಡಿಯೇ ವಾಸಿ.

ಇನ್ನು ಇದರ ಕೊರತೆ. ವಾಲ್ವಿನ ತೂತು ಬೋಲ್ಟಿನ ತೂತಿಗಿಂತ ಸಣ್ಣದು, ಎಣ್ಣೆ ಇಳಿಯಲು ಹೊತ್ತು ಹಿಡಿಯುತ್ತದೆ. ಅದೇನು ದೊಡ್ಡದಲ್ಲ, ಅಷ್ಟರಾಗ ಚಾ ಕುಡೀಬಹುದು. ದೊಡ್ಡ ಮಾತು ಅಂದರೆ, ವಾಲ್ವ್ ಬೋಲ್ಟಿಗಿಂತ ಉದ್ದ, ಕೆಳಗೆ ಜೋತು ಬೀಳುತ್ತದೆ. ಹುಬ್ಬಳ್ಳಿ-ಧಾರವಾಡದ ಡಾಂಬರು ರಸ್ತೆಯಲ್ಲಷ್ಟೇ ಓಡುವ ಗಾಡಿಗೆ ಚಿಂತೆಯಿಲ್ಲ. ನಮ್ಮ ಎರಿಹೊಲದ ದಾರಿ ಹಂಗಲ್ಲ. ಮಳೆಗಾಲದಾಗ ಟ್ರ್ಯಾಕ್ಟರ್ ಹಾದ ಜಾಡು ಬ್ಯಾಸಿಗ್ಯಾಗ ಒಣಗಿ ಕಲ್ಲಾಗತದ, ನಡುವಿನ ದಿಣ್ಣಿ ಗಾಡಿಯ ಹೊಟ್ಟೆಗೆ ತಾಗತದ. ಅದು ವಾಲ್ವಿಗೆ ಬಡಿದು ಮುರಿದರೆ ಎಣ್ಣೆಯೆಲ್ಲ ದಾರಿಪಾಲು. ಕೆಂಪು ದೀಪ ಹತ್ತಿದ ಕೂಡಲೇ ಇಂಜಿನ್ ನಿಲ್ಲಿಸದಿದ್ದರೆ ಇಂಜಿನ್ನೂ ಹೋದಂಗ.

ಅದಕ್ಕೆ ಕಾಕಾ ವಾಲ್ವ್ ತರಿಸುವ ಮೊದಲೇ ಗುಂಡಿಗೆ ಇಳಿದು, ಒಂದು ನೆಟ್ಟನೆಯ ಕೋಲನ್ನು ಚೇಂಬರಿನ ಅಕ್ಕಪಕ್ಕದ ಕಬ್ಬಿಣಕ್ಕೆ ಅಡ್ಡ ಹಿಡಿದು ನೋಡಿದರು. ಬೋಲ್ಟಿಗೂ ಕೋಲಿಗೂ ನಡುವೆ ವಾಲ್ವ್ ಹಿಡಿಸುವಷ್ಟು ಜಾಗ ಇತ್ತು, ಹಾಕಿಸಿದರು. ಇರದಿದ್ದರ ಹಾಕಸೂದೇ ಬ್ಯಾಡ ಅಂತ ಮೊದಲೇ ಹೇಳಿದ್ದರು. ಹತ್ತಿಕಟ್ಟಿಗಿ, ಜೋಳದ ಕೊಯ್ಲಿ ನಡುವೆ ಹೊಲಕ್ಕೆ ಇಳಿಯುವ ಟ್ರ್ಯಾಕ್ಟರಿಗೆ ನಾನಂತೂ ಹಳೆಯ ಬೋಲ್ಟೇ ಇರಲಿ ಅಂತೇನಿ.

ವಾಲ್ವಿನಿಂದ ನನಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಬೇರೆಯೇ. ಕೆಲವು ವಾಲ್ವುಗಳ ಬಾಯಿಗೆ ರಬ್ಬರ್ ಕೊಳವೆ ಸಿಗಿಸಬಹುದು, ಎಣ್ಣೆ ಒಂದು ಹನಿ ಚೆಲ್ಲದೆ ಸೀದಾ ಕ್ಯಾನಿಗೆ ಇಳಿಯುತ್ತದೆ. ಹಳೆಯ ಎಣ್ಣೆಯಲ್ಲಿ ಮಸಿ, ಸವೆದ ಲೋಹದ ಪುಡಿ ಇರುತ್ತದೆ. ನೀರಿಗೆ ಬಿದ್ದರೆ ಪೊರೆಯಂತೆ ಹರಡಿ ಗಾಳಿಯನ್ನು ತಡೆಯುತ್ತದೆ. ನಮ್ಮ ಹಳ್ಳಗಳ ನೀರು ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ ಸೇರುತ್ತದೆ. ಸರ್ಕಾರದ 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಇಟ್ಟಿವೆ. ಅದನ್ನು ಶುದ್ಧ ಮಾಡಿ ಮತ್ತೆ ಎಣ್ಣೆ ಮಾಡಲು ಬರುತ್ತದೆ. ಕಾಕಾ ಹೊಸ ಎಣ್ಣೆಯ ಖಾಲಿ ಕ್ಯಾನಿನಲ್ಲೇ ಹಳೆಯದನ್ನು ಹಿಡಿದಿಟ್ಟು, ಹುಬ್ಬಳ್ಳಿಗೆ ಹೋದಾಗ ಗ್ಯಾರೇಜಿನ ಬ್ಯಾರಲ್ಲಿಗೆ ಸುರುವಿ ಬರತಾರ.